ಹೊಳೆ ದಾಟುವ ಮುನ್ನ: ಚಾರಣ ನಾಯಕಿಯೊಬ್ಬಳ ತರಬೇತಿಯ ಪ್ರಕರಣ ಅಧ್ಯಯನ

ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ಬೆಳಿಗ್ಗೆ ಹತ್ತಕ್ಕೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಹೊಳೆಯ ಈಚೆ ದಡದಲ್ಲಿ ಹದಿನೈದು-ಹದಿನಾರರ ಒಂಬತ್ತು ಮಕ್ಕಳು ಬೆನ್ನುಚೀಲ ಹೊತ್ತು ನಿಂತಿದ್ದರು. ದಾಟುವುದು ಹೇಗೆಂದು ಅವರಿಗೆ ವಿವರಿಸುತ್ತಿದ್ದವಳು ಇಪ್ಪತ್ತನಾಲ್ಕರ ತರಬೇತಾರ್ಥಿ. ಹತ್ತು ತಿಂಗಳ ವೃತ್ತಿ ತರಬೇತಿ ಮುಗಿಸಿ ಕೊನೆಯ ಪರೀಕ್ಷೆಗೆ ಇಳಿದಿದ್ದಳು. ಸಾಲಿನ ಕೊನೆಯಲ್ಲಿ ನಡೆಯುವ ಕೆಲಸ, ನಮ್ಮವರ ಮಾತಿನಲ್ಲಿ ಸ್ವೀಪ್, ಅವಳ ಸಹಪಾಠಿಯದು. ನಾನು ಪರೀಕ್ಷಕ. ಇಪ್ಪತ್ತು ಹೆಜ್ಜೆ ಹಿಂದಿದ್ದು ಬಾಯಿ ಬಿಡದೆ ನೋಡುವುದು ನನ್ನ ಪಾಲಿನ ಕೆಲಸ.

ಅವಳು ಮಾಡಿದ್ದೆಲ್ಲ ಸರಿಯಾಗಿತ್ತು. ಬಿದ್ದರೆ ಚೀಲ ಸುಲಭವಾಗಿ ಕಳಚಿಕೊಳ್ಳಲಿ ಎಂದು ಎಲ್ಲರ ಸೊಂಟದ ಪಟ್ಟಿ ಬಿಚ್ಚಿಸಿದಳು. ಶೂ ಮಾತ್ರ ಬಿಚ್ಚಬೇಡಿ ಎಂದಳು. ಮೂರು ಮೂರು ಜನರ ಗುಂಪು ಮಾಡಿ, ಬಲವಾದವರು ನೀರು ಬರುವ ದಿಕ್ಕಿಗೆ ನಿಲ್ಲುವಂತೆ ನೋಡಿಕೊಂಡಳು. ಕೆಳಗಿನ ಹರಿವಿನಲ್ಲಿ ಎಸೆಯುವ ಹಗ್ಗ ಹಿಡಿದು ಒಬ್ಬರು ನಿಲ್ಲಬೇಕಾದ ಜಾಗವನ್ನೂ ಆಗಲೇ ಆರಿಸಿಟ್ಟಿದ್ದಳು. ಆದರೆ ನೀರು ಮಣ್ಣುಬಣ್ಣಕ್ಕೆ ತಿರುಗಿ, ಮುರಿದ ರೆಂಬೆಗಳನ್ನು ಹೊತ್ತು ತರುತ್ತಿತ್ತು. ತಳದಲ್ಲಿ ಕಲ್ಲು ಉರುಳುವ ಸದ್ದು ದಡಕ್ಕೆ ಕೇಳುತ್ತಿತ್ತು. ಸಾಲಿನ ಕೊನೆಯಲ್ಲಿದ್ದ ಹುಡುಗನೊಬ್ಬ ನೀರಿನ ಬಾಟಲಿಯ ಮುಚ್ಚಳ ತೆರೆಯಲು ಹೋಗಿ, ಬೆರಳು ಆಡದೆ, ಬಾಟಲಿಯನ್ನು ಸುಮ್ಮನೆ ಕೈಯಲ್ಲೇ ಹಿಡಿದುಕೊಂಡಿದ್ದ.

‘ಇಲ್ಲಿಂದ ತಂಡ ನನ್ನದು’ ಎಂದೆ. ಪರೀಕ್ಷಕನ ಬಾಯಿಂದ ಈ ಮಾತು ಬಂತೆಂದರೆ ತರಬೇತಾರ್ಥಿ ಆ ಕ್ಷಣವೇ ನಾಯಕತ್ವ ಬಿಟ್ಟುಕೊಡಬೇಕು. ಹೊರಡುವ ಮೊದಲೇ ಆದ ಒಪ್ಪಂದ ಅದು. ಅವಳು ಒಂದು ಮಾತೂ ಆಡದೆ ಪಕ್ಕಕ್ಕೆ ಸರಿದಳು.

ಆ ಗಳಿಗೆಗೆ ನಾವೆಲ್ಲ ಹೇಗೆ ಬಂದು ನಿಂತೆವು, ಅದರಲ್ಲಿ ಅವಳ ಪಾಲೆಷ್ಟು, ಅವಳಿಗೆ ಕಲಿಸಿದ ನನ್ನ ಪಾಲೆಷ್ಟು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಅವಳ ಒಪ್ಪಿಗೆಯಿದೆ. ಕರಡನ್ನು ಮೊದಲು ಓದಿದವಳೂ ಅವಳೇ.

ಅವಳು ಬಂದ ದಾರಿ

ಸ್ಪರ್ಧಾತ್ಮಕ ಗೋಡೆ ಹತ್ತುವ ಆಟದಿಂದ ಬಂದವಳು. ಹಗ್ಗ, ಗಂಟು, ಆಧಾರಬಿಂದು ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಮೊದಲ ತಿಂಗಳಲ್ಲೇ ಬೇರೆ ತರಬೇತಾರ್ಥಿಗಳು ಗಂಟು ತೋರಿಸಿಕೊಡು ಎಂದು ಅವಳ ಹತ್ತಿರ ಹೋಗುತ್ತಿದ್ದರು. ನಕ್ಷೆ ಮತ್ತು ದಿಕ್ಸೂಚಿ ಅವಳಿಗೆ ಹೊಸದು, ಹಟ ಹಿಡಿದು ಕಲಿತಳು. ರಾತ್ರಿಯ ದಾರಿ ಹುಡುಕುವ ಪರೀಕ್ಷೆಯಲ್ಲಿ ಆ ತಂಡಕ್ಕೆಲ್ಲ ಅವಳೇ ಮೊದಲು.

ಇಂಥ ತರಬೇತಿ ಯಾಕೆ ಬೇಕು, ಬೆಟ್ಟ ಹತ್ತಲು ಬಂದರೆ ಸಾಲದೇ ಎಂದು ಕೇಳುವವರಿಗೆ ನಾನು 1993ರ ಮಾರ್ಚ್ 22ರಂದು ನಡೆದದ್ದನ್ನು ಹೇಳುತ್ತೇನೆ. ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಪುಟ್ಟ ದೋಣಿ ನಡೆಸಲು ಹೋದ ಶಾಲಾ ತಂಡವೊಂದು ಗಾಳಿಗೆ ಸಿಕ್ಕಿ ಕಡಲೊಳಕ್ಕೆ ತೇಲಿಹೋಯಿತು. ನಾಲ್ವರು ಹದಿಹರೆಯದವರು ಸತ್ತರು. ಜೊತೆಗಿದ್ದ ಬೋಧಕರ ಅರ್ಹತೆ ತೆರೆದ ಸಮುದ್ರಕ್ಕೆ ಸಾಲುವಂಥದ್ದಾಗಿರಲಿಲ್ಲ. ಶಿಬಿರ ನಡೆಸುತ್ತಿದ್ದ ಕಂಪನಿಯ ಮುಖ್ಯಸ್ಥ ಜೈಲಿಗೆ ಹೋದ. ಸಾಹಸ ಚಟುವಟಿಕೆ ಕೇಂದ್ರಗಳಿಗೆ ಪರವಾನಗಿ ಇರಬೇಕೆಂಬ ಕಾಯ್ದೆ 1995ರಲ್ಲಿ ಬ್ರಿಟನ್ನಿನಲ್ಲಿ ಬಂತು. ಇದಕ್ಕೂ ಬಹಳ ಹಿಂದೆ, 1965ರಲ್ಲಿ, ಪಾಲ್ ಪೆಟ್ಜೋಲ್ಟ್ ಅಮೆರಿಕದ ವಯೋಮಿಂಗ್‌ನಲ್ಲಿ ನೋಲ್ಸ್ ಎಂಬ ಹೊರಾಂಗಣ ನಾಯಕತ್ವದ ಶಾಲೆ ತೆರೆದದ್ದು ಇದೇ ಕೊರತೆಯನ್ನು ಕಂಡು. ಔಟ್‌ವರ್ಡ್ ಬೌಂಡ್‌ನಂಥ ಶಿಬಿರಗಳು ಹೆಚ್ಚುತ್ತಿದ್ದವು, ಅವನ್ನು ನಡೆಸಬಲ್ಲ ನಾಯಕರು ಮಾತ್ರ ಸಿಗುತ್ತಿರಲಿಲ್ಲ.

ಅಂದಿನಿಂದ ಈ ವೃತ್ತಿ ಅರ್ಹತೆಯನ್ನು ಅಳೆಯುವ ಒಂದಿಷ್ಟು ದಾರಿ ಕಂಡುಕೊಂಡಿದೆ. ಬ್ರಿಟನ್ನಿನ ಮೌಂಟನ್ ಲೀಡರ್ ಅರ್ಹತೆಗೆ ಮೌಲ್ಯಮಾಪನಕ್ಕೆ ಬರುವವರ ಲಾಗ್‌ಬುಕ್‌ನಲ್ಲಿ ಕನಿಷ್ಠ 40 ‘ಗುಣಮಟ್ಟದ ಪರ್ವತ ದಿನಗಳು’, ಅಂದರೆ ಬೆಟ್ಟದಲ್ಲಿ ನಡೆದು ಹೊಸ ಅನುಭವ ಪಡೆದ ಸವಾಲಿನ ದಿನಗಳು, ದಾಖಲಾಗಿರಬೇಕು. ನಮ್ಮ ತರಬೇತಿಯೂ ಹೆಚ್ಚುಕಡಿಮೆ ಅದೇ ಮಾದರಿ. ಅವಳ ಪುಸ್ತಕದಲ್ಲಿ 46 ದಿನಗಳಿದ್ದವು. ದಿನಾಂಕ, ಜಾಗ, ದೂರ, ಏರಿದ ಎತ್ತರ, ಹವಾಮಾನ, ತನ್ನ ಪಾತ್ರ ಎಂದು ಆರು ಕಾಲಂ. ಪ್ರತಿ ಪುಟದ ಕೆಳಗೆ ನನ್ನ ಸಹಿ.

ಆ ದಿನದ ಲೆಕ್ಕ

ಮೂರು ದಿನದ ಪಯಣ. ಎರಡನೆಯ ದಿನ 11 ಕಿಲೋಮೀಟರ್ ನಡಿಗೆ, 750 ಮೀಟರ್ ಏರು, ಎಂಟನೇ ಕಿಲೋಮೀಟರಿನಲ್ಲಿ ಹೊಳೆ. ಹಿಂದಿನ ಸಂಜೆ ಅವಳು ಬರೆದುಕೊಟ್ಟ ದಾರಿ ಚೀಟಿಯಲ್ಲಿ ಒಟ್ಟು ನಡಿಗೆಗೆ ಮೂರೂವರೆ ಗಂಟೆ ಎಂದಿತ್ತು. ನೈಸ್ಮಿತ್ ಸೂತ್ರದ ಪ್ರಕಾರ ಅದು ಸರಿ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಲೆಕ್ಕ ಅದು: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆದರೆ ಆ ಲೆಕ್ಕ ಕಾಲು ಗಟ್ಟಿಯಿರುವ, ನಿಲ್ಲದೆ ನಡೆಯುವ ಬೆಟ್ಟದವರದು. ಭಾರ ಹೊತ್ತು ರೂಢಿಯಿಲ್ಲದ, ಅರ್ಧ ಗಂಟೆಗೊಮ್ಮೆ ಲೇಸ್ ಕಟ್ಟುವ, ಮಳೆಗೆ ರೇನ್‌ಕೋಟ್ ಹುಡುಕಲು ಚೀಲವನ್ನೆಲ್ಲ ಹೊರಗೆ ಸುರಿಯುವ ಒಂಬತ್ತು ಮಕ್ಕಳಿಗೆ ಅದರ ಒಂದೂವರೆ ಪಟ್ಟು ಹಿಡಿದರೂ ಬಿಗಿಯೇ. ಚೀಟಿ ನೋಡಿದಾಗ ನನಗದು ಹೊಳೆದಿತ್ತು. ಪರೀಕ್ಷಕ ಸುಳಿವು ಕೊಡಬಾರದೆಂದು ಸುಮ್ಮನಿದ್ದೆ.

ಅದೇ ಚೀಟಿಯಲ್ಲಿ ಅವಳ ಕೈಬರಹದಲ್ಲೇ ಇನ್ನೊಂದು ಸಾಲಿತ್ತು: ‘1:00ರೊಳಗೆ ಹೊಳೆ ತಲುಪದಿದ್ದರೆ ವಾಪಸ್.’ ಏಳೂವರೆಗೆ ಹೊರಟಿದ್ದರಿಂದ ಒಂದು ಗಂಟೆ ಎಂಬುದು ಅವಳಿಗೆ ಬೇಕಾದಷ್ಟು ಸಡಿಲ ಗಡುವಿನಂತೆ ಕಂಡಿತ್ತು.

ಹತ್ತಕ್ಕೆ ಮಳೆ ಹಿಡಿಯಿತು. ಹತ್ತೂಕಾಲಿಗೆ ಏರಿನ ಮಧ್ಯೆ ಹುಡುಗನೊಬ್ಬ ನಿಧಾನವಾದ. ಬೆಳಿಗ್ಗೆ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವನು ಅವನೇ. ಹನ್ನೊಂದರ ವಿರಾಮದಲ್ಲಿ ಉಳಿದವರು ತಿನ್ನುತ್ತಿದ್ದರೆ ಅವನು ಏನೂ ಮುಟ್ಟಲಿಲ್ಲ. ರೇನ್‌ಕೋಟಿನ ಕೆಳಗೆ ಹತ್ತಿಯ ಅಂಗಿ ತೊಟ್ಟಿದ್ದ, ಅದು ಬೆವರಿಗೂ ಮಳೆಗೂ ನೆನೆದು ಮೈಗೆ ಅಂಟಿತ್ತು. ಹನ್ನೆರಡೂವರೆಗೆ ಎರಡು ಸಲ ಎಡವಿದ. ಸ್ವೀಪ್ ಆಗಿದ್ದ ಸಹಪಾಠಿ ಮುಂದೆ ಬಂದು, ‘ಅವನು ಸ್ವಲ್ಪ ಸುಸ್ತಾಗಿದ್ದಾನೆ’ ಎಂದು ತಿಳಿಸಿದ. ಅವಳ ಉತ್ತರ: ‘ಹೊಳೆ ದಾಟಿದರೆ ಕ್ಯಾಂಪೇ ಸಿಗುತ್ತೆ, ಅಲ್ಲಿ ನೋಡೋಣ.’

ಸುಸ್ತು ಎಂಬ ಪದ ಅವಳ ಕಿವಿಗೆ ಬಿತ್ತು, ಸಹಪಾಠಿಯ ಮುಖದ ಮೇಲಿದ್ದ ಆತಂಕ ಕಣ್ಣಿಗೆ ಬೀಳಲಿಲ್ಲ. ಇಬ್ಬರಿಗೂ ಪ್ರಥಮ ಚಿಕಿತ್ಸೆಯ ಪಾಠ ಆಗಿತ್ತು. ದೇಹದ ಒಳತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ ಎನ್ನುತ್ತೇವೆ. ಬಯಲಲ್ಲಿ ಒಳತಾಪ ಅಳೆಯುವ ಅನುಕೂಲವಿಲ್ಲ, ಹಾಗಾಗಿ ಮೊದಲ ಸುಳಿವು ನಡವಳಿಕೆಯಲ್ಲೇ ಹುಡುಕಬೇಕು: ಎಡವುವುದು, ತೊದಲುವುದು, ಗೊಣಗುವುದು, ಕೈ ತಡವರಿಸುವುದು. ತರಗತಿಯಲ್ಲಿ ಇಬ್ಬರೂ ಈ ನಾಲ್ಕನ್ನೂ ಒಂದೇ ಉಸಿರಿಗೆ ಹೇಳಬಲ್ಲವರು.

ಇನ್ನು ಹೊಳೆ. ನಾಲ್ಕು ದಿನದ ಹಿಂದೆ ದಾರಿ ನೋಡಲು ಹೋದಾಗ ನೀರು ಮೊಣಕಾಲಿಗಿತ್ತು. ಈಗ ತೊಡೆಯ ಮೇಲಕ್ಕೆ ಬಂದಿತ್ತು. ಆಳಕ್ಕಿಂತ ನನ್ನನ್ನು ಹೆದರಿಸಿದ್ದು ವೇಗ. ಹರಿವಿನ ವೇಗ ಎರಡು ಪಟ್ಟಾದರೆ ನೀರು ಕಾಲಿನ ಮೇಲೆ ಹಾಕುವ ಬಲ ನಾಲ್ಕು ಪಟ್ಟಾಗುತ್ತದೆ. ಕಲ್ಲು ಉರುಳುವ ಸದ್ದು ಕೇಳಿಸಿತೆಂದರೆ ದಾಟುವ ಮಾತೇ ಬೇಡ ಎಂದು ನನಗೆ ಕಲಿಸಿದವರು ಹೇಳಿದ್ದರು, ನಾನೂ ಅದನ್ನೇ ಕಲಿಸಿದ್ದೆ. 2008ರ ಏಪ್ರಿಲ್ 15ರಂದು ನ್ಯೂಜಿಲೆಂಡ್‌ನ ಮಂಗಟೆಪೊಪೊ ಕಮರಿಯಲ್ಲಿ ಮಳೆಗೆ ದಿಢೀರನೆ ಏರಿದ ನೀರು ಆರು ವಿದ್ಯಾರ್ಥಿಗಳನ್ನೂ ಅವರ ಶಿಕ್ಷಕರೊಬ್ಬರನ್ನೂ ಬಲಿ ತೆಗೆದುಕೊಂಡಿತು. ಆ ಘಟನೆಯ ಮೇಲೆ ಅವಳು ಬರೆದ ಪ್ರಬಂಧ ಆ ವರ್ಷದ ಅತ್ಯುತ್ತಮ ಪ್ರಬಂಧಗಳಲ್ಲಿ ಒಂದು. ಅದನ್ನು ಬರೆದ ಕೈಯೇ ಈಗ ಮಕ್ಕಳನ್ನು ನೀರಿಗಿಳಿಸಲು ಸಾಲುಗೂಡಿಸುತ್ತಿತ್ತು. ಈ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಕಾಡುವುದು ಇದೇ.

ನಾಯಕತ್ವ ವಹಿಸಿಕೊಂಡ ಮೇಲಿನದು ರೂಢಿಯ ಕೆಲಸ. ಎಲ್ಲರನ್ನೂ ಹೊಳೆಯಿಂದ ಮೇಲಕ್ಕೆ ಕರೆದೊಯ್ದು, ಗುಂಪೇ ಒಳಗೆ ಕೂರಬಲ್ಲ ಆಸರೆ ಚೀಲ ಬಿಚ್ಚಿದೆವು. ಹುಡುಗನ ಒದ್ದೆ ಬಟ್ಟೆ ತೆಗೆಸಿ ಒಣ ಬಟ್ಟೆ ತೊಡಿಸಿ, ಕೆಳಗೆ ಚಾಪೆ ಹಾಸಿ, ಮಲಗುವ ಚೀಲದೊಳಗೆ ಕೂರಿಸಿ, ಬಿಸಿಯಾದ ಸಿಹಿ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದೆವು. ಅವನು ಇನ್ನೂ ನಡುಗುತ್ತಿದ್ದ, ಅದೇ ನಮಗೆ ಧೈರ್ಯ. ನಡುಕ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು. ಒಂದೂವರೆ ಗಂಟೆಯ ನಂತರ ಗೆಳೆಯನ ಮಾತಿಗೆ ನಕ್ಕ. ಅಲ್ಲಿಂದ ಹಿಂದಕ್ಕೆ ನಡೆದು, ತುರ್ತಿಗೆಂದು ಗುರುತಿಸಿಟ್ಟಿದ್ದ ಸಮತಟ್ಟಿನಲ್ಲಿ ಡೇರೆ ಹಾಕಿದೆವು. ಸಂಜೆಯೇ ಅವನ ತಂದೆ-ತಾಯಿಗೆ ವಿಷಯ ಮುಟ್ಟಿಸಿ, ಘಟನಾ ವರದಿ ಬರೆದೆ.

ಸಂಜೆಯ ಮಾತು

ಮಕ್ಕಳು ಮಲಗಿದ ಮೇಲೆ ಅವಳನ್ನು ಕೂರಿಸಿಕೊಂಡೆ. ಇಂಥ ಹಿನ್ನೋಟದ ಮಾತಿನಲ್ಲಿ ಪರೀಕ್ಷಕ ತನ್ನ ಅಭಿಪ್ರಾಯವನ್ನು ಕೊನೆಗಿಡಬೇಕು. ಇಡೀ ದಿನವನ್ನು ಗಂಟೆಗಂಟೆಯಾಗಿ ಹೇಳು ಎಂದೆ. ನಿಖರವಾಗಿ ಹೇಳಿದಳು. ಎಲ್ಲಿ ತಿರುವು, ಎಲ್ಲಿ ಜಾರುಬಂಡೆ, ಹೊಳೆಯಲ್ಲಿ ಯಾವ ಯಾವ ಕಲ್ಲಿನ ಹಿಂದೆ ನೀರು ಸುತ್ತುತ್ತಿತ್ತು, ಎಲ್ಲವೂ ನೆನಪಿತ್ತು.

‘ಈಗ ಇದೇ ದಿನವನ್ನು ಆ ಹುಡುಗನ ಕಡೆಯಿಂದ ಹೇಳು.’

ಬೆಳಿಗ್ಗೆ ಹೊರಟದ್ದನ್ನು ಹೇಳಿದಳು. ಹತ್ತು ಗಂಟೆಗೆ ಬಂದಳು. ಅಲ್ಲಿಂದ ಮುಂದಕ್ಕೆ ಅವಳ ಬಳಿ ಏನೂ ಇರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ‘ಸರ್, ನಾನು ಅವನನ್ನು ತಿರುಗಿ ನೋಡಿದ್ದೇ ಹೊಳೆ ಹತ್ತಿರ’ ಎಂದಳು. ಗಡುವು ಮೀರಿದ್ದು ಗೊತ್ತಿರಲಿಲ್ಲವೇ ಎಂದು ಕೇಳಿದೆ. ಗೊತ್ತಿತ್ತು. ‘ವಾಪಸ್ ಹೋದರೆ ಫೇಲ್ ಅಂದುಕೊಂಡೆ.’

ಹಾಗಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹಾಗಲ್ಲ ಎಂದೂ ಯಾರೂ ಹೇಳಿರಲಿಲ್ಲ.

ಹಿಮಕುಸಿತದ ಅವಘಡಗಳನ್ನು ಅಧ್ಯಯನ ಮಾಡಿದ ಇಯಾನ್ ಮೆಕ್ಯಾಮನ್, 1972ರಿಂದ 2003ರವರೆಗೆ ಅಮೆರಿಕದಲ್ಲಿ ನಡೆದ 715 ಪ್ರಕರಣಗಳನ್ನು ನೋಡಿ, ತರಬೇತಿ ಪಡೆದವರೂ ಕಣ್ಣೆದುರಿನ ಅಪಾಯದ ಗುರುತುಗಳನ್ನು ದಾಟಿ ಮುಂದೆ ಹೋಗುವುದು ಯಾಕೆಂದು ವಿವರಿಸಿದರು. ಅವರು ಗುರುತಿಸಿದ ಬಲೆಗಳಲ್ಲಿ ಒಂದು, ಹೊರಟ ಗುರಿಗೆ ಅಂಟಿಕೊಳ್ಳುವುದು. ಅವಳ ವಿಷಯದಲ್ಲಿ ಆ ಬಲೆ ನೇಯ್ದವರಲ್ಲಿ ನಾವೂ ಇದ್ದೇವೆ. ಪರೀಕ್ಷೆಯ ದಾರಿ ನಾವೇ ಗೊತ್ತುಮಾಡಿದ್ದು. ಕೊನೆಯ ಕ್ಯಾಂಪಿನಲ್ಲಿ ಅಂಕಪಟ್ಟಿ ಹಿಡಿದು ಕಾಯುವವರೂ ನಾವೇ. ಅರ್ಧ ದಾರಿಯಿಂದ ತಿರುಗಿ ಬಂದು ತೇರ್ಗಡೆಯಾದ ಒಬ್ಬ ತರಬೇತಾರ್ಥಿಯನ್ನೂ ಅವಳು ಕಂಡಿರಲಿಲ್ಲ. ಯಾಕೆಂದರೆ ನಮ್ಮಲ್ಲಿ ಅಂಥವರು ಇರಲೇ ಇಲ್ಲ.

ರಾತ್ರಿ ಅವಳ ಲಾಗ್‌ಬುಕ್ ತೆಗೆದು ಟಾರ್ಚಿನ ಬೆಳಕಲ್ಲಿ ಓದಿದೆ. 46 ದಿನಗಳಲ್ಲಿ 31 ದಿನ ಅವಳು ಮುಂದೆ ನಡೆದಿದ್ದಳು, ಸ್ವೀಪ್ ಆಗಿದ್ದದ್ದು ಮೂರೇ ದಿನ. ಜೊತೆಗೆ ನಡೆದವರ ಬಗ್ಗೆ ಎರಡೇ ಕಡೆ ಉಲ್ಲೇಖ: ಒಂದು ಕಡೆ ‘ತಂಡ ನಿಧಾನ’, ಇನ್ನೊಂದು ಕಡೆ ‘ಒಬ್ಬರಿಗೆ ಕಾಲು ಉಳುಕು’. ಆರು ಕಾಲಂಗಳಲ್ಲಿ ಮನುಷ್ಯರಿಗೆಂದು ಒಂದೂ ಇರಲಿಲ್ಲ. ಆ ಪುಟಗಳನ್ನು ನೋಡಿ ನಾನು ಸಹಿ ಹಾಕುತ್ತ ಬಂದಿದ್ದೆ, ಮೆಚ್ಚಿಕೊಂಡೇ ಹಾಕಿದ್ದೆ. ಚುರುಕಾದವರಿಗೆ ಮುಂದಿನ ಜಾಗ ಕೊಡುವುದು ಬೋಧಕನಿಗೆ ಸುಲಭದ ದಾರಿ, ದಿನ ಸಲೀಸಾಗಿ ಸಾಗುತ್ತದೆ. ನಾನು ಹತ್ತು ತಿಂಗಳೂ ಅದನ್ನೇ ಮಾಡಿದೆ. ಬೆನ್ನ ಹಿಂದಿನ ಉಸಿರಾಟವನ್ನು ಕೇಳಿಸಿಕೊಳ್ಳುವುದನ್ನು ಅವಳು ಕಲಿಯುವ ಅವಕಾಶವನ್ನು ಹೀಗೆ ನಾನೇ ಕಿತ್ತುಕೊಂಡಿದ್ದೆ.

ಮರುದಿನ ಹುಡುಗನೊಡನೆ ಮಾತಾಡಿದೆ. ಚಳಿಯಾಗುತ್ತಿದ್ದದ್ದು ಅವನಿಗೆ ಹತ್ತೂವರೆಗೇ ಗೊತ್ತಿತ್ತು. ‘ಎಲ್ಲರೂ ಚೆನ್ನಾಗಿದ್ರು. ಅಕ್ಕ ಎಷ್ಟೋ ಮುಂದಿದ್ರು. ಕೂಗೋಕೆ ಒಂಥರಾ ಆಯ್ತು.’

ತೀರ್ಪು

ನಮ್ಮಲ್ಲಿ ಫಲಿತಾಂಶ ಮೂರು ಬಗೆ: ತೇರ್ಗಡೆ, ಅನುತ್ತೀರ್ಣ, ಮುಂದೂಡಿಕೆ. ಮೌಲ್ಯಮಾಪನ ಸಮಿತಿಯಲ್ಲಿ ನಾವು ಮೂವರು, ಮೂವರದೂ ಬೇರೆ ಬೇರೆ ಅಭಿಪ್ರಾಯ.

ಒಬ್ಬರು ತೇರ್ಗಡೆಯ ಪರವಾಗಿದ್ದರು. ನಾನು ಅವಸರಪಟ್ಟೆ ಎಂಬುದು ಅವರ ವಾದ: ಮೊದಲ ಗುಂಪು ನೀರಿಗೆ ಕಾಲಿಟ್ಟ ಕೂಡಲೇ ಅವಳಿಗೇ ಅರಿವಾಗಿ ನಿಲ್ಲಿಸುತ್ತಿದ್ದಳೋ ಏನೋ, ಆ ಅವಕಾಶ ನೀವು ಕೊಡಲಿಲ್ಲ ಎಂದರು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ಮೂರು ಮಕ್ಕಳನ್ನು ಆ ನೀರಿಗಿಳಿಸಿ ನೋಡುವ ಪರೀಕ್ಷೆಯನ್ನು ನಾನು ನಡೆಸಲಾರೆ. ಇನ್ನೊಬ್ಬರು ಅನುತ್ತೀರ್ಣ ಎಂದು ಪಟ್ಟು ಹಿಡಿದರು. ತಾನೇ ಬರೆದ ಗಡುವನ್ನು ಮೀರಿದ್ದು, ಸ್ವೀಪ್‌ನ ಮಾತು ತಳ್ಳಿಹಾಕಿದ್ದು, ಮಗುವೊಂದು ತಣ್ಣಗಾಗುತ್ತಿದ್ದದ್ದನ್ನು ಮೂರು ಗಂಟೆ ಕಾಣದಿದ್ದದ್ದು. ಇವುಗಳಲ್ಲಿ ಯಾವ ಒಂದಾದರೂ ಸಾಕು ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ನಾನು ಮುಂದೂಡಿಕೆ ಕೇಳಿದೆ. ಕನಿಕರದಿಂದಲ್ಲ. ಅವಳಿಗೆ ಕಲಿಸದೇ ಇದ್ದದ್ದನ್ನು ಅವಳಿಂದ ನಿರೀಕ್ಷಿಸಿ ಅನುತ್ತೀರ್ಣ ಎಂದು ಬರೆದರೆ, ನಮ್ಮ ಪಾಲಿನ ಲೋಪ ಅವಳ ಹೆಸರಿನ ಕೆಳಗೆ ಮುಚ್ಚಿಹೋಗುತ್ತಿತ್ತು. ಬಹಳ ಚರ್ಚೆಯ ನಂತರ ಎರಡು ಮತಗಳಿಂದ ಮುಂದೂಡಿಕೆ ಆಯಿತು. ಷರತ್ತು ಎರಡು: ಹನ್ನೆರಡು ದಿನ ಸ್ವೀಪ್ ಆಗಿ ಮಾತ್ರ ನಡೆಯಬೇಕು, ಮತ್ತು ಎರಡು ದಿನದ ಪ್ರಥಮ ಚಿಕಿತ್ಸೆ ಸಾಲದು, ಬಯಲಿನಲ್ಲಿ ಆಸ್ಪತ್ರೆ ದೂರವಿರುವವರಿಗೆಂದೇ ರೂಪಿಸಿದ ಎಪ್ಪತ್ತು-ಎಂಬತ್ತು ಗಂಟೆಗಳ ಕೋರ್ಸ್ ಮುಗಿಸಬೇಕು.

ಇದು ಅವಳಿಗೆ ಸಣ್ಣ ಪೆಟ್ಟಲ್ಲ. ಈ ವೃತ್ತಿ ಋತುವನ್ನು ನಂಬಿದ್ದು. ಆ ಋತುವಿಗೆ ಅವಳಿಗೆ ಕೆಲಸ ಗೊತ್ತಾಗಿತ್ತು, ಮುಂದೂಡಿಕೆಯಿಂದ ಅದು ಕೈತಪ್ಪಿತು. ಸಲಕರಣೆ ಕೋಣೆಯಲ್ಲಿ ಹಗ್ಗ ಪರೀಕ್ಷಿಸುವ, ಡೇರೆ ಒಣಗಿಸುವ ಕೆಲಸಕ್ಕೆ ನಿಂತಳು. ಮೊದಲ ಎರಡು ವಾರ ನನ್ನೊಡನೆ ಅಗತ್ಯಕ್ಕಿಂತ ಒಂದು ಮಾತೂ ಆಡಲಿಲ್ಲ.

ಐದು ತಿಂಗಳ ನಂತರ

ಸ್ವೀಪ್ ದಿನಗಳಿಗೆ ಅವಳಿಗೊಂದು ಬೇರೆ ಪುಸ್ತಕ ಕೊಟ್ಟೆ. ದೂರ, ಎತ್ತರ ಬರೆಯುವಂತಿಲ್ಲ. ಗಂಟೆಗೊಮ್ಮೆ ತಂಡದಲ್ಲಿ ಇಬ್ಬರ ಬಗ್ಗೆ, ಪ್ರತಿ ಸಲ ಬೇರೆ ಇಬ್ಬರ ಬಗ್ಗೆ, ಕಂಡದ್ದನ್ನು ಬರೆಯಬೇಕು. ಮೊದಲ ದಿನದ ಪುಟ ಸಪ್ಪೆ: ‘ಚೆನ್ನಾಗಿದ್ದಾರೆ, ಚೆನ್ನಾಗಿದ್ದಾರೆ.’ ನಾಲ್ಕನೇ ದಿನಕ್ಕೆ ‘ಎಡಗಾಲು ಹೊರಕ್ಕೆ ಇಡುತ್ತಿದ್ದಾಳೆ, ಇಳಿಜಾರಿನಲ್ಲಿ ಮಾತ್ರ’ ಎಂದಿತ್ತು. ಒಂಬತ್ತನೇ ದಿನ: ‘ಕಳೆದ ಎರಡು ವಿರಾಮದಿಂದ ನೀರು ಕುಡಿದಿಲ್ಲ. ಮೂತ್ರಕ್ಕೆ ಹೋಗಲು ಮರೆ ಇಲ್ಲ ಎಂದು ಕುಡಿಯುತ್ತಿಲ್ಲ. ಕೇಳಿದ ಮೇಲೆ ಹೇಳಿದಳು.’ ಈ ಸಾಲು ಓದಿದ ದಿನ ನನ್ನ ಮನಸ್ಸು ಹಗುರವಾಯಿತು.

ಮರುಪರೀಕ್ಷೆಯ ದಿನ ಆಕಾಶ ತಿಳಿಯಾಗಿತ್ತು. ಹೊರಡುವ ಮೊದಲು ನಾನು ಒಂದು ಮಾತು ಹೇಳಿದೆ, ಈಗ ಪ್ರತಿ ಪರೀಕ್ಷೆಗೂ ಮೊದಲು ಹೇಳುವ ಮಾತು: ತಿರುಗಿ ಬಂದರೆ ಅಂಕ ಹೋಗುವುದಿಲ್ಲ, ಯಾಕೆ ತಿರುಗಿದೆ ಎಂಬುದಕ್ಕೆ ಅಂಕವಿದೆ. ನಡೆಯಲು ಶುರುಮಾಡಿ ಇಪ್ಪತ್ತು ನಿಮಿಷಕ್ಕೆ ಅವಳು ತಂಡವನ್ನು ನಿಲ್ಲಿಸಿ, ಎಲ್ಲರೂ ಒಮ್ಮೆ ಶೂ ಬಿಚ್ಚಿ ಎಂದಳು. ಒಬ್ಬ ಹುಡುಗಿಯ ಹಿಮ್ಮಡಿ ಕೆಂಪಾಗಿತ್ತು, ಬೊಕ್ಕೆ ಇನ್ನೂ ಎದ್ದಿರಲಿಲ್ಲ. ಪಟ್ಟಿ ಹಾಕಿದಳು. ಆಮೇಲೆ ಸಹಪಾಠಿಯನ್ನು ಮುಂದೆ ಬಿಟ್ಟು ತಾನು ಒಂದು ಗಂಟೆ ಹಿಂದೆ ನಡೆದಳು. ತುದಿ ಇನ್ನು ನಲವತ್ತು ನಿಮಿಷವಿದೆ ಎನ್ನುವಾಗ ಗಡುವಿನ ಹೊತ್ತಾಯಿತು. ತಿರುಗಿದಳು.

‘ಅಕ್ಕ, ಇಷ್ಟು ಹತ್ರ ಬಂದು ವಾಪಸ್ಸಾ?’ ಎಂದು ಹುಡುಗನೊಬ್ಬ ಜಗಳಕ್ಕೇ ನಿಂತ. ದಾರಿ ಚೀಟಿ ಅವನ ಕೈಗೆ ಕೊಟ್ಟು, ಇಳಿಯಲು ಎಷ್ಟು ಹೊತ್ತು, ಕತ್ತಲಾಗಲು ಎಷ್ಟು ಹೊತ್ತು ನೀನೇ ಲೆಕ್ಕ ಹಾಕು ಎಂದಳು. ಲೆಕ್ಕ ಹಾಕಿದ, ಆದರೂ ಮುಖ ಸಡಿಲವಾಗಲಿಲ್ಲ. ಆ ನಿರಾಸೆಯನ್ನು ಅವಳು ಇನ್ನಷ್ಟು ಮೃದುವಾಗಿ ನಿಭಾಯಿಸಬಹುದಿತ್ತು. ವರದಿಯಲ್ಲಿ ಅದನ್ನೂ ಬರೆದೆ. ತೇರ್ಗಡೆ ಎಂದೂ ಬರೆದೆ.

ಲಾಗ್‌ಬುಕ್‌ಗೆ ಏಳನೇ ಕಾಲಂ ಬಂದಿದೆ: ‘ಇಂದು ಯಾರಲ್ಲಿ ಏನು ಗಮನಿಸಿದಿರಿ?’ ಇದರಿಂದ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಕೆಲವರು ರಾತ್ರಿ ಡೇರೆಯಲ್ಲಿ ಕೂತು ಕಟ್ಟಿ ಬರೆದ ವಾಕ್ಯಗಳು ಅದರೊಳಗೆ ಈಗಾಗಲೇ ಕಾಣಿಸಿಕೊಂಡಿವೆ. ಹಾಗಾಗಿ ಸಹಿ ಮಾಡುವ ಮೊದಲು, ಬರೆದದ್ದನ್ನು ಆ ವ್ಯಕ್ತಿಯ ಎದುರೇ ಕೇಳಿ ನೋಡುತ್ತೇನೆ. ಅನುತ್ತೀರ್ಣ ಎಂದಿದ್ದ ಸಹೋದ್ಯೋಗಿ ಇವತ್ತಿಗೂ ತಮ್ಮ ಮಾತು ಬದಲಿಸಿಲ್ಲ.

ಅಂದಿನ ದಾರಿ ಚೀಟಿ ತರಗತಿಯಲ್ಲಿದೆ. ಮಳೆಗೆ ನೆನೆದು ಶಾಯಿ ಹರಡಿದ್ದರೂ ‘1:00’ ಓದಲು ಬರುತ್ತದೆ. ಹೊಸ ತಂಡದವರಿಗೆ ಅದನ್ನೂ ಆ ದಿನದ ಘಟನೆಗಳ ಪಟ್ಟಿಯನ್ನೂ ಕೊಟ್ಟು, ನೀವಾಗಿದ್ದರೆ ಎಷ್ಟು ಹೊತ್ತಿಗೆ ತಿರುಗುತ್ತಿದ್ದಿರಿ ಎಂದು ಕೇಳುತ್ತೇನೆ. ಹೆಚ್ಚಿನವರು ಒಂದು ಗಂಟೆ ಎನ್ನುತ್ತಾರೆ. ಕೆಲವರು ಎಡವಿದ ಹನ್ನೆರಡೂವರೆ ಎನ್ನುತ್ತಾರೆ. ಕಳೆದ ತಂಡದಲ್ಲಿ ಒಬ್ಬಳು, ಹಿಂದಿನ ಸಂಜೆ ಚೀಲ ತಪಾಸಣೆಯ ಹೊತ್ತಿಗೆ ಎಂದಳು: ಹುಡುಗ ಹತ್ತಿಯ ಅಂಗಿ ಮಡಚಿಡುತ್ತಿದ್ದಾಗ ಒಬ್ಬರಾದರೂ ನೋಡಿರಬೇಕಲ್ಲ ಎಂದು. ಆ ದಿನ ಚರ್ಚೆ ಊಟದ ಹೊತ್ತು ದಾಟಿ ನಡೆಯಿತು. ಹಿಂದಿನ ಬೆಂಚಿನಲ್ಲಿ ಅತಿಥಿಯಾಗಿ ಬಂದು ಕೂತಿದ್ದ ಅವಳು ತನ್ನ ಪುಸ್ತಕ ತೆರೆದು ಆ ಉತ್ತರವನ್ನು ಬರೆದುಕೊಳ್ಳುತ್ತಿದ್ದಳು.